ಅದು ಆರಿಸಿದ ಮೂಲೆ

ಎಕ್ಸ್‌ರೇ ವಿಭಾಗದ ಮಕ್ಬೂಲ್ ತಂದುಕೊಟ್ಟಾಗ
ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿತ್ತು.
"ಮನೆಯವಳಿಗೆ ಸೀನು ನಿಲ್ತಿಲ್ಲ ಮೇಡಂ,
ನೀವು ಒಬ್ರೇ ಇರ್ತೀರಲ್ಲ" ಅಂದ.
ಒಬ್ಬಳೇ ಇರುವುದೂ
ಮೊಲ ಸಾಕಲು ಒಂದು ಅರ್ಹತೆಯೆಂದು
ಅವತ್ತೇ ಗೊತ್ತಾದದ್ದು.

ಗೋಪಾಳದಲ್ಲಿ ಮಹಡಿ ಮೇಲೆ ಒಂದೂವರೆ ಕೋಣೆ.
ಕೆಳಗೆ ಓನರ್ ಫೆಲ್ಸಿ ಬಾಯಿ.
ಕರಾರುಪತ್ರದಲ್ಲಿ ಬರೆಯದೆ
ಬಾಯಲ್ಲಷ್ಟೇ ಹೇಳಿದ ಷರತ್ತು:
ವಾಸನೆ ಬರಬಾರದು.

ವಾಸನೆ ನನಗೇನು ಹೊಸತೇ?
ದಿನಕ್ಕೆ ಎಂಬತ್ತು ಪುಟ್ಟ ಡಬ್ಬಿ,
ಒಂದೊಂದರ ಮೇಲೂ ಹೆಸರು, ವಯಸ್ಸು,
ಮುಚ್ಚಳ ಬಿಗಿಯದೆ ಇಟ್ಟು ಓಡಿದವರ ಸಂಕೋಚ.
ಊರವರ ಉಚ್ಚೆ ಓದಿಯೇ
ಹತ್ತೊಂಬತ್ತು ವರ್ಷ ಅನ್ನ ತಿಂದಿದ್ದೇನೆ.

ಗಾಂಧಿಬಜಾರಿನಲ್ಲಿ ನೀಲಿ ಟಬ್ಬು, ನೂರ ಹತ್ತು ರೂಪಾಯಿ.
ಸಾ ಮಿಲ್ಲಿನಿಂದ ಮರದ ಹೊಟ್ಟು, ಬಿಟ್ಟಿ.
ಇಟ್ಟದ್ದು ಬಾತ್‌ರೂಮಿನ ಬಾಗಿಲ ಪಕ್ಕ,
ಗುಡಿಸಲು ನನಗೆ ಅನುಕೂಲ.
ಮೊಲ ಬಂತು, ಮೂಸಿತು, ಮೂರು ಸಲ ಸೀನಿತು
(ನೋಡಿರದ ಮಕ್ಬೂಲನ ಹೆಂಡತಿ ನೆನಪಾದಳು)
ಕುಪ್ಪಳಿಸಿ ಹೋಗಿ
ಹೊಲಿಗೆ ಮಿಷನ್ನಿನ ಅಡಿಯಲ್ಲಿ
ಬಾಲ ಎತ್ತಿ ಕೂತಿತು.

ಎತ್ತಿ ತಂದೆ. ಹೋಯಿತು.
ಎತ್ತಿ ತಂದೆ. ನನ್ನ ಮುಖ ನೋಡಿ
ಹಿಂಗಾಲಿಂದ ಒಮ್ಮೆ ನೆಲಕ್ಕೆ ಬಡಿದು
ಮತ್ತೆ ಹೋಯಿತು.

ಭಾನುವಾರ ಬೆಳಗ್ಗೆ ಮಿಷನ್ನಿನ ಕೆಳಗೆ
ಮೊಸಾಯಿಕ್ ಮೇಲೆ ಕೆಂಪು.
ಅಂಗೈ ಅಗಲ, ಹಸಿ.
ಹತ್ತೊಂಬತ್ತು ವರ್ಷ ಎಲ್ಲಿಗೆ ಹೋಯಿತೋ!
ಸಿರಿಂಜಿನಲ್ಲಿ ಹೀರಿ, ಡಬ್ಬಿಗೆ ತುಂಬಿ,
ಡ್ಯೂಟಿಯಿಲ್ಲದ ದಿನ ಲ್ಯಾಬಿಗೆ ಓಡಿದೆ.
ಲೇಬಲ್ಲಿನಲ್ಲಿ ಹೆಸರಿನ ಜಾಗ ಬಂದಾಗ
ಪೆನ್ನು ನಿಂತಿತು.
ಇನ್ನೂ ಹೆಸರಿಟ್ಟಿರಲಿಲ್ಲ.
ನನ್ನದೇ ಬರೆದೆ.

ಪಟ್ಟಿ ಅದ್ದಿದವಳು ತೇಜಾವತಿ.
ರಕ್ತದ ಚೌಕ ಹಳದಿಯಾಗಿಯೇ ಉಳಿಯಿತು.
ರಕ್ತವಲ್ಲ, ಹಿಂದಿನ ರಾತ್ರಿಯ ಬೀಟ್‌ರೂಟ್ ಸಿಪ್ಪೆ.
ನಾನು ನಿಟ್ಟುಸಿರು ಬಿಡುವಷ್ಟರಲ್ಲಿ
ಅವಳು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿ
ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ,
"ಮೇಡಂ, ತುಂಬ ಹರಳು...
ಯಾವಾಗಿಂದ ಹೀಗೆ? ಸ್ವಲ್ಪ ನೀರಾದರೂ ಕುಡೀರಿ"
ಎಂದು ತನ್ನ ಬಾಟಲಿ ಚಾಚಿದಳು.
ಮೊಲದ್ದು ಅನ್ನಲು ಬಾಯಿ ಬರಲಿಲ್ಲ.
ಕುಡಿದೆ.

ಅವತ್ತು ಸಂಜೆ ಮಿಷನ್ ಎಳೆದೆ.
ಕಂತಿನಲ್ಲಿ ಕೊಂಡದ್ದು,
ಒಂದೇ ಒಂದು ದಿಂಬಿನ ಚೀಲ ಹೊಲಿದು ನಿಂತದ್ದು.
ಕಾಯಿಸಿದ ಚಾಕುವಿನಲ್ಲಿ ಟಬ್ಬಿನ ಒಂದು ಬದಿ
ನಾಲ್ಕು ಬೆರಳಿಗೆ ಇಳಿಸಿ,
ಹೊಟ್ಟೆ ತರಚದಂತೆ ಅಂಚು ಉಜ್ಜಿದೆ.
ತಳಕ್ಕೆ ಹಳೇ ಪೇಪರು, ನಾಲ್ಕು ಮಡಿಕೆ.
ಮೇಲೆ ಒಣಹುಲ್ಲು, ಪಿಳ್ಳಂಗಿರಿಯ ಬಸವಣ್ಯಪ್ಪ
ಹಾಲಿನ ಕ್ಯಾನಿನ ಪಕ್ಕ ಕಟ್ಟಿ ತಂದ ಸಿವುಡು.
ಅದರದೇ ಒಂದು ಹಿಡಿ ಹಿಕ್ಕೆ,
ನೆಲ ಒರೆಸಿದ ಚೂರು ಕಾಗದ,
ವಿಳಾಸ ಗೊತ್ತಾಗಲಿ ಎಂದು.
ಬಾಯಿಗೆ ಎಟುಕುವ ಕಡೆ ಇನ್ನಷ್ಟು ಹುಲ್ಲು,
ಮೆಲ್ಲುತ್ತ ಮೆಲ್ಲುತ್ತಲೇ ಉದುರಿಸುವುದು
ಈ ಜಾತಿಯ ಪದ್ಧತಿ.
ಎಲೆಯೂ ಕಕ್ಕಸೂ ಒಂದೇ ಕಡೆ!
ನಮ್ಮಜ್ಜಿ ಕಂಡಿದ್ದರೆ
ನೋಡಿದ ತಪ್ಪಿಗೇ ಮೂರು ಸಲ ಮೀಯುತ್ತಿದ್ದಳು.

ಇಟ್ಟೆ, ಅದು ಆರಿಸಿದ ಮೂಲೆಯಲ್ಲಿ.
ಹತ್ತಿತು. ಒಂದು ಸುತ್ತು ತಿರುಗಿತು.
ಕಣ್ಣು ಅರ್ಧ ಮುಚ್ಚಿ
ನನ್ನ ಕಡೆ ಬೆನ್ನು ಮಾಡಿ ಕೂತಿತು.

ಈಗ ಎರಡು ಟಬ್ಬು. ಒಂದು ಒಳಗೆ,
ಇನ್ನೊಂದು ಬಿಳಿ ಕಲೆಗೆ ವಿನೆಗರ್ ಕುಡಿದು
ತಾರಸಿಯಲ್ಲಿ ಬಿಸಿಲು ಕಾಯುತ್ತದೆ.
ಹಿಕ್ಕೆಯೆಲ್ಲ ಕೆಳಗಿನ ಗುಲಾಬಿ ಕುಂಡಕ್ಕೆ.
"ಏನು ಹಾಕ್ತಿ ಮಗಾ, ಮೊಗ್ಗೇ ಮೊಗ್ಗು?"
ಫೆಲ್ಸಿ ಬಾಯಿ ಬಗ್ಗಿ ನೋಡುತ್ತಾರೆ.
ಬಗ್ಗಿದರೂ ಮೂಗಿಗೆ ಏನೂ ಸಿಗುವುದಿಲ್ಲ.

ತೇಜಾವತಿ ಮಾತ್ರ ದಿನಾ ಹನ್ನೊಂದಕ್ಕೆ
ಬಾಟಲಿ ತಂದು ಮುಂದಿಡುತ್ತಾಳೆ.
ಹೇಳಬೇಕು, ನಾಳೆ ಹೇಳಬೇಕು.

ಮಿಷನ್ ಈಗ ಬಾತ್‌ರೂಮಿನ ಬಾಗಿಲ ಪಕ್ಕ.
ರಾತ್ರಿ ಎದ್ದಾಗೆಲ್ಲ ಮೊಣಕಾಲಿಗೆ ಬಡಿಯುತ್ತದೆ.
ಕತ್ತಲಲ್ಲಿ ಆ ಮೂಲೆಯಿಂದ
ಹುಲ್ಲು ಮುರಿಯುವ ಸದ್ದು,
ಕಾಗದದ ಮೇಲೆ ಕಾಳು ಬೀಳುವ ಸದ್ದು.