ಹತ್ತನೆಯವಳು

ಡುಲುತ್‌ನಲ್ಲಿ ನವೆಂಬರಿನ ಗಾಳಿ
ಸರೋವರದಿಂದ ನೇರ ಬೀದಿ ಹತ್ತಿ ಬರುತ್ತದೆ,
ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ.
ಅದಿರು ತುಂಬಿದ ಹಡಗೊಂದು ಸೇತುವೆಯನ್ನು ಕೂಗಿ ಎಬ್ಬಿಸುವಾಗ
ನಾನು ಸಿನಗಾಗಿನ ಮೆಟ್ಟಿಲ ಮೇಲಿದ್ದೆ.
ಅಪ್ಪ ತೀರಿ ಹನ್ನೊಂದು ದಿನ.

ಒಳಗೆ ಹೋಗುವುದೋ ಬೇಡವೋ.
ಎಂಟರ ವಯಸ್ಸಿನಲ್ಲಿ, ಬೇರೆ ಊರಲ್ಲಿ,
ಗಡ್ಡದ ಹಿರಿಯರೊಬ್ಬರು ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದ್ದರು:
ಅಪ್ಪ ನಮ್ಮವನಾದರೆ ಸಾಲದು ಮಗೂ.
ಅಮ್ಮ ಇಲೋಯ್ಲೋದಿಂದ ಬಂದ ನರ್ಸು;
ರಾತ್ರಿಪಾಳಿಯ ಬಿಳಿ ಬೂಟು, ಕತ್ತಲಲ್ಲಿ ಜಪಮಣಿ.
ಅವಳ ಇಗರ್ಜಿಯಲ್ಲೂ ಕೇಳಿದರು,
ಈ ಹುಡುಗಿ ಯಾರ ಕಡೆಯವಳು?
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮೂವತ್ತು ವರ್ಷ ಹಾಗೇ ಆಡಿದೆ.

ಬಾಗಿಲು ತೆರೆದವಳು ಹಿಂಡಾ ಪರ್ಲೋವ್,
ಎಂಬತ್ತು ದಾಟಿದವಳು, ಕೈಯಲ್ಲಿ ಸೂಪಿನ ಸೌಟು.
"ಹೊಸ್ತಿಲಲ್ಲೇ ನಿಂತರೆ ಹೀಟರಿನ ಬಿಲ್ಲು ನೀನು ಕಟ್ಟುತ್ತೀಯಾ?"
ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಆಶೀರ್ವಾದ.

ಸತ್ತವರ ಪ್ರಾರ್ಥನೆಗೆ ಹತ್ತು ಜನ ಬೇಕು.
ಮನುಷ್ಯರನ್ನು ಎಣಿಸಬಾರದಂತೆ, ದೃಷ್ಟಿ ತಾಕೀತೆಂದು.
ಹಿಂಡಾ ಸೌಟು ನೀಡುತ್ತ ಶುರುಮಾಡಿದಳು:
ಒಂದಲ್ಲ, ಓಶರ್, ಬಂದರಿನಲ್ಲಿ ಕ್ರೇನು ನಡೆಸಿದವನು.
ಎರಡಲ್ಲ, ಮೂರಲ್ಲ, ರೂತಿ ಮತ್ತು ಅವಳ ಹೆಂಡತಿ,
ಇಬ್ಬರ ಮಡಿಲಿಗೂ ಒಂದೇ ಕಂಬಳಿ.
ನಾಲ್ಕಲ್ಲ, ಹೊಸ ಹೆಸರು ಪಡೆದ ಹುಡುಗ ಲೇವ್;
ಆ ಹೆಸರನ್ನು ಮೊದಲು ಕೂಗಿ ಕರೆದ ದಿನ
ಅವನಜ್ಜಿ ಎರಚಿದ ಮಿಠಾಯಿ
ರಬ್ಬಿಯ ಕನ್ನಡಕ ಸೀಳಿತಂತೆ.
ಐದಲ್ಲ, ಆರಲ್ಲ, ಏಳಲ್ಲ,
ಇವರ ಹೆಸರು ಅಂದು ತಿಳಿಯಲಿಲ್ಲ.
ಎಂಟಲ್ಲ, ರಬ್ಬಿ ಶಿಫ್ರಾ, ಮೂಗು ಸೋರುತ್ತಿತ್ತು.
ಒಂಬತ್ತಲ್ಲ ಎಂದು ತನ್ನೆದೆಗೇ ಒತ್ತಿಕೊಂಡಳು ಸೌಟನ್ನು,
ರವಿಕೆಗೆ ಕಲೆ.
ಆಮೇಲೆ ಅದು ನನ್ನ ಕಡೆ ತಿರುಗಿತು.

ನನ್ನಮ್ಮ, ಎಂದು ಬಾಯಿ ತೆರೆದೆ.
"ನಿನ್ನಮ್ಮನ್ನ ಯಾರು ಕೇಳಿದರು? ಹತ್ತಲ್ಲ. ಕೋಟು ಬಿಚ್ಚು."

ಅಪ್ಪನ ಹೆಸರು ಹೇಳಿದೆ.
ಹಳೆಯ ಭಾಷೆ ನಾಲಗೆಗೆ ತೊಡರಿತು;
ಓಶರ್ ಅರ್ಧ ಪದ ಮುಂದೆ ನಡೆದ,
ಹೆಪ್ಪುಗಟ್ಟಿದ ಕೆರೆಯ ಮೇಲೆ
ಮೊದಲು ತಾನೇ ಕಾಲಿಟ್ಟು ನೋಡುವವನಂತೆ.

ಇಲ್ಲಿಗೇ ನಿಲ್ಲಿಸಿದ್ದರೆ ಸಿಹಿಯಾಗಿತ್ತು.

ಮಾರ್ಚಿನಲ್ಲಿ, ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವ ಕಾರ್ಖಾನೆಯ ಹೆಂಗಸರು
ಯಂತ್ರ ನಿಲ್ಲಿಸಿ ಬೀದಿಗೆ ಬಂದರು.
ಹೋದಾನ್ ಎಂಬಾಕೆ ತೋಳು ಸರಿಸಿ ತೋರಿಸಿದಳು,
ಮೊಣಕೈವರೆಗೆ ಉಗಿ ಬರೆದದ್ದು.
ಕಾರ್ಖಾನೆ ಏಳಲ್ಲದವನದು.
ಹೆಸರು ಈಗ ತಿಳಿಯಿತು: ಸೀಮೋರ್ ಲಸ್ಕಿನ್.
ನಮ್ಮ ಛಾವಣಿ ಹೊದಿಸಿದ ದುಡ್ಡೂ ಅವನದೇ.

ನೆಲಮಾಳಿಗೆಯಲ್ಲಿ ಮೂರು ಗಂಟೆ ಸಭೆ.
ದೇವರೇ ಬೇರೆ, ದಂಧೆಯೇ ಬೇರೆ ಎಂದರು ಯಾರೋ.
ಹಿಂಡಾ ಎದ್ದಳು: ನನ್ನವ್ವ ಗುಂಡಿ ಹೊಲಿಯುತ್ತ ಕಣ್ಣು ಕಳಕೊಂಡಳು,
ಅವಳ ಧಣಿಯೂ ಶುಕ್ರವಾರ ತಪ್ಪದೆ ದೀಪ ಹಚ್ಚುತ್ತಿದ್ದ.
ಕೈ ಎತ್ತಿದಾಗ ಇಪ್ಪತ್ತೊಂದು, ಹದಿನೆಂಟು.
ಸೂಪಿನ ಪಾತ್ರೆ ಅವನ ಗೇಟಿಗೆ ಹೊರಟಿತು.
ಎರಡು ಮನೆಯವರು ಮತ್ತೆ ಬರಲಿಲ್ಲ.

ಏಪ್ರಿಲಿನ ಒಂದು ಸಂಜೆ
ಹಿಂಡಾ ಆಸ್ಪತ್ರೆಯಲ್ಲಿ, ಸೌಟು ನನ್ನ ಕೈಯಲ್ಲಿ.
ಒಂಬತ್ತಲ್ಲಕ್ಕೆ ಬಂದು ನಿಂತಿದ್ದೆ.
ಬಾಗಿಲಲ್ಲಿ ಸೀಮೋರ್,
ಹರಿದ ಕರಿ ಪಟ್ಟಿ ಕೋಟಿನ ಮೇಲೆ.
ಅವನ ಅಕ್ಕ ಹೋಗಿದ್ದಳು.

ಹೋದಾನಳ ಕೂಲಿ ಇನ್ನೂ ಇತ್ಯರ್ಥವಾಗಿಲ್ಲ.
ನಾಳೆ ಬೆಳಿಗ್ಗೆ ಆರಕ್ಕೆ ಅವನ ಗೇಟಿನೆದುರು
ನಾನಿರುತ್ತೇನೆ. ಅದು ಅವನಿಗೂ ಗೊತ್ತು.
ಸೌಟು ತುಸು ಹೊತ್ತು ಗಾಳಿಯಲ್ಲೇ ಇತ್ತು,
ಹೀಟರು ಸುಮ್ಮನೆ ಉರಿಯುತ್ತಿತ್ತು.

ಹತ್ತಲ್ಲ, ಎಂದೆ.
ಕೋಟು ಬಿಚ್ಚಿ.