ಚಮಚದ ಸದ್ದು

ಮೂರು ಮರಿಗಳಲ್ಲಿ ಒಂದು ಉಳಿಯಲಿಲ್ಲ.
ಉಳಿದೆರಡರಲ್ಲಿ ಒಂದನ್ನು ತಾಯಿಗೇ ಬಿಟ್ಟೆ,
ಇನ್ನೊಂದನ್ನು, ಇನ್ನೂ ಕಣ್ಣು ಬಿಡುತ್ತಿದ್ದಾಗಲೇ,
ಅಡುಗೆಮನೆಗೆ ತಂದೆ.

ಕಾರ್ಸೊ ಮುದುಕ ಹೇಳಿದ್ದ:
"ಕೈತುತ್ತು ತಿಂದದ್ದು ಕೈಬಿಟ್ಟು ಹೋಗುವುದಿಲ್ಲ, ರುಸ್ಮಿ.
ಆಕಾಶಕ್ಕೆ ಬಿಡುವವರು ಮೊದಲು ಹೊಟ್ಟೆ ಹಿಡಿಯಬೇಕು."
ಬೇಲಿಯಾಚೆಯಿಂದ ಹಾರ್ಜಂತಿ ನಕ್ಕಳು:
"ಹಾಗಾದರೆ ನನ್ನ ಗಂಡ ಇಲ್ಲೇ ಇರಬೇಕಿತ್ತು.
ಹನ್ನೊಂದು ವರ್ಷ ಬಡಿಸಿದ್ದೇನೆ."

ರಾತ್ರಿ ಹತ್ತಕ್ಕೆ, ಒಂದೂವರೆಗೆ, ಮತ್ತೆ ಐದಕ್ಕೆ
ಗಂಜಿ ಕಲಸಿದೆ.
ಹೆರಿಗೆ ವಾರ್ಡಿನಿಂದ ತಂದ ಹಳೇ ಥರ್ಮಾಮೀಟರು ಅದ್ದಿ
ನಲವತ್ತಕ್ಕೆ ಇಳಿಯುವವರೆಗೆ ಊದಿದೆ.
ಬಿಸಿ ಹೆಚ್ಚಾದರೆ ಗಂಟಲ ಚೀಲ ಸುಡುತ್ತದೆ,
ತಣ್ಣಗಾದರೆ ಒಳಗೇ ಹುಳಿಯುತ್ತದೆ.
ಅಂಚು ಮಡಚಿದ ಚಮಚ ಲೋಟಕ್ಕೆ ತಾಕಿದ್ದೇ,
ಟಿಣ್,
ಡಬ್ಬಿಯ ಕತ್ತಲಿಂದ ಬೋಳು ಕತ್ತೊಂದು ಏಳುತ್ತಿತ್ತು,
ಮೈಯೆಲ್ಲ ಬಾಯಿ.

ರೆಕ್ಕೆ ಮೂಡಿದ ಮೇಲೆ ಹೆಸರಿಟ್ಟೆ.
ಕೈಯಲ್ಲಿ ಬೆಳೆದದ್ದು ಕುನಿರ್, ಅಂದರೆ ಅರಿಶಿನ.
ತಾಯಿಯ ಬಳಿ ಬೆಳೆದದ್ದು ಜಾಹೆ, ಅಂದರೆ ಶುಂಠಿ;
ಬೆರಳು ಚಾಚಿದರೆ ರಕ್ತ. ಹೆಸರಿಗೆ ತಕ್ಕ ಖಾರ.

ಕುನಿರ್ ನನ್ನ ಜಡೆಯಲ್ಲಿ ನಿದ್ದೆ ಹೋಗುತ್ತಿತ್ತು.
ಕೋಣೆಯಿಂದ ಅಂಗಳಕ್ಕೆ, ಅಂಗಳದಿಂದ ಗದ್ದೆಯ ಬದುವಿಗೆ,
ಕರೆದರೆ ಸಾಕು, ಎಸೆದ ಚೆಂಡಿನಂತೆ ಬಂದು ಬೀಳುತ್ತಿತ್ತು.
ಜಾಹೆ ನನ್ನ ಅಂಗೈಯಿಂದ
ಒಂದು ಸೂರ್ಯಕಾಂತಿ ಬೀಜ ತೆಗೆದುಕೊಳ್ಳಲು
ನಲವತ್ತೊಂದು ದಿನ ಯೋಚಿಸಿತು.

ಆದರೆ ನೆಲದ ಮೇಲೆ ನೆರಳೊಂದು ಜಾರಿದರೆ
ಜಾಹೆಯ ಒಂದು ಕಣ್ಣು ತಟ್ಟನೆ ಮೇಲಕ್ಕೆ.
ಪಂಜರದಲ್ಲಿದ್ದೇ ತಾಯಿ ಅದನ್ನು ಹೇಳಿಕೊಟ್ಟಿದ್ದಳು,
ತನಗೇ ಎಂದೂ ಬೇಕಾಗದ ಪಾಠ.
ನಾನು ಗಂಜಿಯ ಜೊತೆ ಏನು ಹೇಳಿಕೊಟ್ಟಿದ್ದೆ?
ಲೋಕವೆಂದರೆ ಬೆಚ್ಚಗಿನ ಕೈ, ಇಷ್ಟೇ.

ಭಾನುವಾರ, ಪರಾಂಗ್‌ಕುಸುಮೊ ಮರಳದಿಬ್ಬ.
ಯಾವುದೋ ದೂರದ ನದಿಯ ಗಿಳಿ, ನಮ್ಮ ದಕ್ಷಿಣ ಸಮುದ್ರದ ಗಾಳಿ.
ಕುನಿರ್ ಏರಿತು, ಏರಿತು,
ಜನ ಚಪ್ಪಾಳೆ ತಟ್ಟಿದರು,
ನನಗೆ ಮಾತ್ರ ಎದೆ ಧಸಕ್ಕೆಂದಿತು:
ಅದಕ್ಕೆ ಇಳಿಯಲು ಬರುತ್ತಿಲ್ಲ.
ಕತ್ತು ನನ್ನತ್ತ, ರೆಕ್ಕೆ ಗಾಳಿಯತ್ತ,
ಕೂಗುತ್ತ ಕೂಗುತ್ತ ಪಡುವಣಕ್ಕೆ ಜಾರಿ
ಒಂದು ಸಾಸಿವೆ ಕಾಳಾಯಿತು. ಆಮೇಲೆ ಅದೂ ಇಲ್ಲ.
ಇಳಿದು ಬರುವುದನ್ನು
ಯಾವ ಚಮಚದಲ್ಲಿ ಕುಡಿಸಬೇಕಿತ್ತು ನಾನು?

ತುಟಿ ಒಡೆಯುವವರೆಗೆ ಸಿಳ್ಳೆ ಹಾಕಿದೆ.
ಎರಡು ರಾತ್ರಿ. ಎರಡೂ ರಾತ್ರಿ ಒಂದೂವರೆಗೆ ಎಚ್ಚರವಾಯಿತು.

ಮೂರನೇ ಬೆಳಿಗ್ಗೆ ಮೀನು ಮಾರುಕಟ್ಟೆಯಿಂದ ಫೋನು.
ಕಾಫಿ ಅಂಗಡಿಯ ಙಾದಿನೆಮ್ ಬೈಯುತ್ತಿದ್ದಳು:
"ಬೆಸ್ತನ ಲೋಟದಲ್ಲಿ ಸಕ್ಕರೆ ಕಲಕುತ್ತಿದ್ದೆ ಅಷ್ಟೇ,
ತಗಡಿನ ಮಾಡಿನಿಂದ ತಟ್ಟೆಗೇ ಬಿತ್ತು.
ಇಷ್ಟು ದೊಡ್ಡ ಹಕ್ಕಿ, ಹಸುಗೂಸಿನ ಹಾಗೆ ಬಾಯಿ ಕಳೆಯುತ್ತದೆ!
ಯಾರ ಕಾಫಿಯನ್ನೂ ಕಲಕಲು ಬಿಡುತ್ತಿಲ್ಲ.
ಬಂದು ಕರೆದುಕೊಂಡು ಹೋಗು, ತಾಯಿ."

ಹೋದೆ. ಕುನಿರ್ ನನ್ನನ್ನು ನೋಡಿತು,
ಮತ್ತೆ ಚಮಚವನ್ನು ನೋಡಿತು,
ಮತ್ತೆ ಚಮಚವನ್ನೇ.

"ಕೈತುತ್ತು ಕಾಯಿತು, ಕಂಡೆಯಾ?" ಎಂದ ಕಾರ್ಸೊ.
"ಕಾಯ್ದದ್ದು ಸಕ್ಕರೆ," ಎಂದಳು ಹಾರ್ಜಂತಿ.
ನಾನು ಪಂಜರ ತೊಳೆಯುತ್ತಿದ್ದೆ.

ಈಗ ಎರಡನ್ನೂ ಒಟ್ಟಿಗೇ ಬಿಡುತ್ತೇನೆ.
ಜಾಹೆ ಮುಂದೆ. ದಿಬ್ಬದ ನೆತ್ತಿಯಲ್ಲಿ
ರೆಕ್ಕೆ ಅರ್ಧ ಮಡಚಿ, ಗಾಳಿಗೆ ಓರೆಯಾಗಿ,
ಮೆಟ್ಟಿಲಿಲ್ಲದ ಮೆಟ್ಟಿಲಿಳಿದು ಬರುತ್ತದೆ.
ಕುನಿರ್ ನೋಡುತ್ತದೆ. ತಪ್ಪುತ್ತದೆ. ಇನ್ನೊಂದು ಸುತ್ತು ಹೊಡೆದು
ಮುಗ್ಗರಿಸಿದಂತೆ ನನ್ನ ಭುಜಕ್ಕೆ.
ಜಾಹೆ ಇನ್ನೂ ಕಚ್ಚುತ್ತದೆ, ಕೆಲವೊಮ್ಮೆ,
ಬಂದ ಮೇಲೆ.

ಚೀಲದಲ್ಲಿ ಒಂದು ಗಾಜಿನ ಲೋಟ ಇರುತ್ತದೆ.
ಸಿಳ್ಳೆಗೇ ಬರಲಿ ಎಂದು ಕಾಯುತ್ತೇನೆ.
ಸಮುದ್ರದ ಮೇಲೆ ಮೋಡ ಕವಿದ ದಿನ,
ಕಾರ್ಸೊ ಅತ್ತ ತಿರುಗಿದಾಗ ಮಾತ್ರ,
ಮೆಲ್ಲಗೆ,
ಟಿಣ್.