ಹೂಂ

ಗಣಿತದ ಮೇಷ್ಟ್ರು ಚುನಾವಣೆ ಡ್ಯೂಟಿಗೆ ಹೋದ ವಾರ
ವಿಮಲಾಕ್ಷಿ ಮೇಡಂ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿಸಿದರು.
ಪುಸ್ತಕ ಬೇಡ, ಬಾಯಿಪಾಠ ಬೇಡ, ಮುಖಕ್ಕೆ ಬಣ್ಣವೂ ಬೇಡ.
ಒಂದೇ ಕಟ್ಟಳೆ:
ಎದುರಿನವರು ಏನೇ ಅಂದರೂ ಇಲ್ಲ ಅನ್ನಕೂಡದು,
ಅಜ್ಜಿಯ ಕತೆಗೆ ಹೂಂಗುಟ್ಟಿದ ಹಾಗೆ ಹೂಂ ಅಂದು
ನಮ್ಮದೊಂದು ಮಾತು ಮುಂದಿಡಬೇಕು.

ಶಿಡ್ಲಘಟ್ಟದ ಆ ಶಾಲೆಗೆ
ಗಾಳಿ ಯಾವ ಕಡೆಯಿಂದ ಬೀಸಿದರೂ ಬೆಂದ ಹುಳುವಿನ ವಾಸನೆ.
ಆದರೂ ನಾವು ಮೂಗು ಮುಚ್ಚುತ್ತಿದ್ದುದು
ಮುಬೀನಾ ಒಳಗೆ ಬಂದಾಗ ಮಾತ್ರ.
ಅವರಮ್ಮ ನೂಲು ತೆಗೆಯುವವರು.
ಹುಳು ಸಾಕುವ ನಮ್ಮ ಮನೆಗೆ
ವಾಸನೆಯೇ ಇಲ್ಲವೆಂದು ನಂಬಿದ್ದೆ.

ಚೀಟಿ ಎತ್ತಿದಾಗ ನನಗೆ ಬಂದದ್ದು ಅವಳ ಅಮ್ಮ.
ಅವಳಿಗೆ, ನಾನು.

ಟವೆಲ್ಲು ತಲೆಗೆ ಹೊದ್ದು ಸೊಂಟ ತಿರುವಿ ಕೂತೆ.
ಇಲ್ಲದ ಕೊಪ್ಪರಿಗೆಯ ಇಲ್ಲದ ನೀರಿಗೆ ಕೈ ಅದ್ದಿ
‘ಅಯ್ಯಯ್ಯೋ ಸುಡ್ತದೆ’ ಎಂದು ಎಗರಿದೆ.
ತರಗತಿ ಬಿದ್ದು ಬಿದ್ದು ನಕ್ಕಿತು.

ಮುಬೀನಾ ನಗಲಿಲ್ಲ.
‘ಹೂಂ, ಸುಡ್ತದೆ’ ಅಂದಳು.
‘ನಮ್ಮಪ್ಪ ತಂದ ಗೂಡಮ್ಮಾ ಅವು,
ಎಳೆ ಸಿಗೋವರೆಗೂ ಕೈ ತೆಗೀಬೇಡಿ.’

ಹೂಂ ಅನ್ನದೆ ವಿಧಿಯಿಲ್ಲ.
ಕೈ ಮತ್ತೆ ಇಳಿಸಿ ತಡಕಿದೆ.
ಒಂದು ಗೂಡು ಉರುಳಿತು, ಇನ್ನೊಂದು ಉರುಳಿತು.
ನಗು ಮೊದಲು ಕಿಟಕಿಯ ಕಡೆ ನಿಂತಿತು,
ಆಮೇಲೆ ಬಾಗಿಲ ಕಡೆ.
ನೀರು ಮಾತ್ರ ಆರಲಿಲ್ಲ.
‘ಎಷ್ಟೊತ್ತು ಹಿಂಗೇ?’ ಆಟ ಮರೆತು ಕೇಳಿದೆ.
ಅವಳೂ ಮರೆತಳೇನೋ:
‘ಅಮ್ಮಿ ಐದಕ್ಕೆ ಏಳ್ತಾಳೆ.’

ಆಮೇಲೆ ಎಡಗೈ ಬೆರಳೆರಡರಲ್ಲಿ ಮೂಗು ಹಿಡಿದಳು.
ಥೇಟು ನಾನೇ.
ಮೂಗು ಬಿಟ್ಟು, ಗೂಡಿನ ಮಾರ್ಕೆಟ್ಟಿನಲ್ಲಿ
ಜಾಲರಿಯ ಪಕ್ಕ ನಿಂತ ಅಪ್ಪನ ಅಂಗಿ ಹಿಡಿದಳು.
ದರ ಕೂಗಿದಾಗ ಅಪ್ಪ ತಲೆ ತಗ್ಗಿಸುತ್ತಾನಲ್ಲ,
ಅಪ್ಪ ನೋಡದ ಹಾಗೆ ನಾನೂ ಬೇರೆಲ್ಲೋ ನೋಡುತ್ತೇನಲ್ಲ,
ಅದನ್ನೂ ಮಾಡಿದಳು.
ಮೆತ್ತಗೆ, ಚೂರೂ ಅಣಕವಿಲ್ಲದೆ.
ಎಲ್ಲಿ ನೋಡಿದ್ದಳೋ,
ನಾನು ಯಾರಿಗೂ ಹೇಳಿರಲಿಲ್ಲ.

ಹೂಂ ಅಂದೆ.
ಮುಂದಿಡಲು ಮಾತು ಸಿಗಲಿಲ್ಲ.

ಬೆಲ್ಲು ಹೊಡೆಯಿತು. ಮೇಡಂ ನೀತಿ ಗೀತಿ ಹೇಳಲಿಲ್ಲ,
ಬೆಂಚು ಮತ್ತೆ ಎಳೆದು ಹಾಕ್ರೋ ಅಂದರು, ಅಷ್ಟೇ.

ನಲ್ಲಿಗೆ ಹೋಗಿ ಕೈಯೊಡ್ಡಿದೆ. ನೀರು ತಣ್ಣಗಿತ್ತು.
ಬೆಳಿಗ್ಗೆ ನಾನೇ ಹುಳುವಿಗೆ ಸೊಪ್ಪು ಇಕ್ಕಿದ್ದ ಕೈ.
ತೊಳೆಯುವ ಮೊದಲು
ಒಂದು ಸಲ ಮೂಸಿ ನೋಡಿಕೊಂಡೆ.